ಗೆದ್ದವರಿಗೆ ಕಲಿಸುವ ಹೊಣೆ ಯಾರದು?

ಲೋಕದಲ್ಲಿ ಕಲಿಯದೆ ಕೈಹಾಕಬಹುದಾದ ಕಸುಬು ಒಂದೂ ಇಲ್ಲ. ಬಡಗಿಯ ಮಗ ಬಾಚಿ ಹಿಡಿಯುವ ಮೊದಲು ವರ್ಷಗಟ್ಟಲೆ ಮರ ಹೊರುತ್ತಾನೆ. ಕಲಬುರಗಿಯ ತೊಗರಿ ಪೇಟೆಯ ಅಡತಿ ಅಂಗಡಿಯ ಯಜಮಾನನು ಸ್ವಂತ ಮಗನನ್ನಾದರೂ ಬಂದ ದಿನವೇ ಗಾದಿಯ ಮೇಲೆ ಕೂಡಿಸುವುದಿಲ್ಲ. ಮೊದಲು ತೂಕದ ಬಳಿ ನಿಲ್ಲಿಸುತ್ತಾನೆ. ಅನಂತರ ಕಿರ್ದಿ ಬರೆಯಿಸುತ್ತಾನೆ. ಆಮೇಲೆ ಖಾತೆಗೆ ಏರಿಸುವುದನ್ನು ಕಲಿಸುತ್ತಾನೆ. ದಿನದ ಕೊನೆಗೆ ಶಿಲ್ಕು ತಾಳೆಯಾಗುವವರೆಗೆ ಎದ್ದು ಹೋಗಲು ಬಿಡುವುದಿಲ್ಲ. ಬಸ್ಸು ಓಡಿಸುವವನಿಗೆ ಲೈಸೆನ್ಸು ಬೇಕು. ಔಷಧಿ ಅಂಗಡಿ ಇಡುವವನಿಗೆ ಅದರದೇ ವ್ಯಾಸಂಗ ಬೇಕು. ಆದರೆ ಸಾವಿರಾರು ಜನರ ಕುಡಿಯುವ ನೀರು, ಚರಂಡಿ, ಬೀದಿ ದೀಪ, ಮನೆ ಕಂದಾಯ ಇವೆಲ್ಲವನ್ನೂ ವಹಿಸಿಕೊಳ್ಳುವವರಿಗೆ ಮಾತ್ರ, ಗೆದ್ದ ಮರುದಿನವೇ ಸಕಲವೂ ತಿಳಿದಿರುತ್ತದೆಯೆಂದು ಈ ನಾಡು ನಂಬಿಕೊಂಡು ಕುಳಿತಿದೆ.

ಫಲಿತಾಂಶ ಬಂದ ಸಂಜೆ ಗುಲಾಲು ಹಾರುತ್ತದೆ, ಹಲಗೆಯ ಸದ್ದು ಕೇಳುತ್ತದೆ, ಕೊರಳಿಗೆ ಹಾರ ಬೀಳುತ್ತದೆ. ಕೆಲವು ವಾರಗಳಲ್ಲಿ ಅಧ್ಯಕ್ಷರ ಆಯ್ಕೆಯಾಗುತ್ತದೆ. ಅನಂತರ ಮೇಜಿನ ಮೇಲೆ ಮೊದಲನೆಯ ಕಾಗದ ಬರುತ್ತದೆ. ಅದರ ಕೆಳಗೆ ಸಹಿ ಬೇಕು. ಆ ಕಾಗದದಲ್ಲಿ ಏನಿದೆ, ಯಾವ ಲೆಕ್ಕಶೀರ್ಷಿಕೆಯಿಂದ ಹಣ ಹೋಗುತ್ತದೆ, ಯಾವ ಸಭೆಯ ಠರಾವಿನ ಆಧಾರದ ಮೇಲೆ ಹೋಗುತ್ತದೆ ಎಂದು ಕೇಳುವ ಅಧಿಕಾರವು ಸಹಿ ಮಾಡುವವರಿಗೆ ಉಂಟು. ಹಾಗೆ ಕೇಳಬೇಕೆಂದು ಅವರಿಗೆ ಹೇಳಿಕೊಟ್ಟವರು ಯಾರು? ಈ ಪ್ರಶ್ನೆಗೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ನಿಂತು ಉತ್ತರ ಹುಡುಕುವುದು ಅಗತ್ಯ. ಏಕೆಂದರೆ ತಪ್ಪಿದ ಸಹಿಯ ಬೆಲೆ ಅಲ್ಲಿ ಉಳಿದ ಕಡೆಗಿಂತ ಹೆಚ್ಚು.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಬೇರ್ಪಡಿಸಿತು. ಆ ಪಟ್ಟಿಯಲ್ಲಿ ಈ ಮೂರೂ ತಾಲ್ಲೂಕುಗಳ ಹೆಸರಿದೆ. ಜೇವರ್ಗಿಯ ಮತದಾರರು ಹಲವು ಬಾರಿ ವಿಧಾನಸಭೆಗೆ ಕಳುಹಿಸಿದ ಧರ್ಮಸಿಂಗ್ ಅವರು 2004ರಿಂದ 2006ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಭೀಮಾ ನದಿ ಅಫಜಲಪುರ ಮತ್ತು ಜೇವರ್ಗಿಯ ಸೀಮೆಯಲ್ಲಿ ಹರಿಯುತ್ತದೆ. ಆಳಂದದಲ್ಲಿ ಅಮರ್ಜಾ ಜಲಾಶಯವಿದೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಹಣವೂ ಹರಿಯಿತು. ದೊಡ್ಡ ನಾಯಕರಿದ್ದರು, ನದಿಯಿತ್ತು, ಹಣವೂ ಬಂದಿತು. ಆದರೂ ಬೇಸಿಗೆಯಲ್ಲಿ ಕೊಡ ಹೊತ್ತು ನಡೆಯುವುದು ನಿಂತಿಲ್ಲ; ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ: ಮೇಲಿನಿಂದ ಎಷ್ಟೇ ಬಂದರೂ ಅದನ್ನು ಕೆಳಗೆ ಹಿಡಿದುಕೊಳ್ಳಬೇಕಾದ ಕೈಯನ್ನು ಯಾರೂ ಸಿದ್ಧಪಡಿಸಲಿಲ್ಲ.

ಆ ಕೈ ಗ್ರಾಮ ಪಂಚಾಯಿತಿಯ ಸದಸ್ಯರದು. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಅವುಗಳ ಸದಸ್ಯರ ಸಂಖ್ಯೆ 90 ಸಾವಿರದ ಆಸುಪಾಸಿನಲ್ಲಿದೆ. ಪ್ರತಿ 400 ಜನಸಂಖ್ಯೆಗೆ ಒಬ್ಬರಂತೆ ಇವರು ಆರಿಸಿಬರುತ್ತಾರೆ. ಶಾಸಕರ ಹೆಸರನ್ನು ಪತ್ರಿಕೆಗಳು ದಿನವೂ ಅಚ್ಚುಮಾಡುತ್ತವೆ. ಆದರೆ ಬಡವನ ಮನೆಯ ಅರ್ಜಿ, ವಿಧವೆಯ ಬಾಗಿಲ ಮುಂದಿನ ಚರಂಡಿ, ಕೆಟ್ಟು ನಿಂತ ಕೊಳವೆಬಾವಿಯ ಮೋಟಾರು ಇವೆಲ್ಲ ಬಂದು ನಿಲ್ಲುವುದು ಈ ಹೆಸರಿಲ್ಲದ 90 ಸಾವಿರ ಜನರ ಮುಂದೆ.

ಅವರು ತಿಳಿದಿರಬೇಕಾದುದೇನು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು 1993ರದು. ಈಗ ಅದಕ್ಕೆ ಗ್ರಾಮ ಸ್ವರಾಜ್ ಎಂಬ ಮಾತೂ ಸೇರಿದೆ. ಅದರ ಪ್ರಕಾರ ವಾರ್ಡು ಸಭೆ ಮತ್ತು ಗ್ರಾಮ ಸಭೆ ನಡೆಯಬೇಕು. ಮನೆ ಯಾರಿಗೆ ಕೊಡಬೇಕೆಂದು ಫಲಾನುಭವಿಗಳನ್ನು ಆರಿಸುವುದು ಆ ಸಭೆ, ಅಧ್ಯಕ್ಷರ ಮನೆಯ ಜಗುಲಿಯಲ್ಲ. ಉತ್ಪಾದನೆ, ಸಾಮಾಜಿಕ ನ್ಯಾಯ, ಸೌಕರ್ಯ ಎಂಬ ಮೂರು ಸ್ಥಾಯಿ ಸಮಿತಿಗಳಿರಬೇಕು. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇಕಡಾ 24.10 ಭಾಗವನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಹಿತಕ್ಕೆ ತೆಗೆದಿಡಬೇಕು. 15ನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60 ಭಾಗವು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದುದಾಗಿತ್ತು. ಉಳಿದ 40 ಭಾಗವನ್ನು ಮಾತ್ರ ಪಂಚಾಯಿತಿ ತನ್ನ ವಿವೇಚನೆಯಂತೆ ವಿನಿಯೋಗಿಸಬಹುದಾಗಿತ್ತು, ಅದನ್ನೂ ಸಂಬಳ ಸಾರಿಗೆಗೆ ಬಳಸುವಂತಿರಲಿಲ್ಲ. 2006ರ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು ಪಂಚಾಯಿತಿಯ ಲೆಕ್ಕವನ್ನು ಜೋಡಿ ನಮೂದಿನ ಪದ್ಧತಿಗೆ ತಂದವು. ವರ್ಷಕ್ಕೊಮ್ಮೆ ಜಮಾಬಂದಿ ನಡೆಸಿ ಲೆಕ್ಕವನ್ನೂ ಕಾಮಗಾರಿಯನ್ನೂ ಜನರೆದುರು ತಾಳೆ ನೋಡಬೇಕು. ಆಸ್ತಿಯ ದಾಖಲೆಗೆ ನಮೂನೆ 9 ಮತ್ತು 11 ಕೊಡಬೇಕು. ನೀರುಗಂಟಿಯ ಸಂಬಳ, ಕರ ವಸೂಲಿಗಾರನ ರಸೀದಿ ಪುಸ್ತಕ, ಬೀದಿ ದೀಪದ ಕರೆಂಟ್ ಬಿಲ್ಲು ಇವೆಲ್ಲದಕ್ಕೂ ಲೆಕ್ಕ ಬೇಕು.

ಇಷ್ಟನ್ನು ಒಬ್ಬ ಪದವೀಧರನಿಗೂ ವಾರದಲ್ಲಿ ತಲೆಗೆ ಹತ್ತಿಸುವುದು ಕಷ್ಟ. ಹೀಗಿರುವಾಗ ನಿನ್ನೆಯವರೆಗೆ ತೊಗರಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಕಾರ ತಾಯಿಯೊಬ್ಬಳು ಮೀಸಲು ಸ್ಥಾನದಿಂದ ಆರಿಸಿಬಂದು, ಅಧ್ಯಕ್ಷೆಯಾಗಿ, ತಿಂಗಳೊಳಗೆ ಲಕ್ಷಾಂತರ ರೂಪಾಯಿಯ ಪಾವತಿಗೆ ಒಪ್ಪಿಗೆ ಕೊಡಬೇಕಾಗುತ್ತದೆ. ತಪ್ಪಾದರೆ ದುರ್ನಡತೆಯ ಆರೋಪದ ಮೇಲೆ ಸರ್ಕಾರವು ಆಕೆಯನ್ನು ಪದವಿಯಿಂದ ತೆಗೆಯಬಲ್ಲದು. ತಿಳಿಯದೆ ಸಹಿ ಮಾಡಿದೆನೆಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಶಿಕ್ಷಿಸುವ ಅಧಿಕಾರವನ್ನು ಇಟ್ಟುಕೊಂಡ ಸರ್ಕಾರಕ್ಕೆ ಕಲಿಸುವ ಕರ್ತವ್ಯ ಅದಕ್ಕಿಂತ ಮೊದಲು ಬರಬೇಡವೇ? ಪಾಠ ಹೇಳದೆ ಪರೀಕ್ಷೆ ಇಟ್ಟು, ನಪಾಸಾದವರನ್ನು ದಂಡಿಸುವ ಶಾಲೆಯನ್ನು ಯಾರಾದರೂ ನ್ಯಾಯವಂತ ಶಾಲೆಯೆಂದಾರೆಯೇ?

ಸರ್ಕಾರ ಏನೂ ಮಾಡಿಲ್ಲವೆಂದರೆ ಅದು ಸುಳ್ಳಾಗುತ್ತದೆ. ಅಧಿಕಾರ ವಿಕೇಂದ್ರೀಕರಣದಲ್ಲಿ ಕರ್ನಾಟಕವು ದೇಶಕ್ಕೆ ದಾರಿ ತೋರಿದ ರಾಜ್ಯ. 1983ರ ಕಾನೂನಿನಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಇಲ್ಲಿ ಮಹಿಳೆಯರಿಗೆ ಶೇಕಡಾ 25 ಸ್ಥಾನಗಳು ಮೀಸಲಾಗಿದ್ದವು. 2010ರಲ್ಲಿ ಅದು ಶೇಕಡಾ 50ಕ್ಕೆ ಏರಿತು. ಆ ಯುಗದ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಯಿಸಿ ಜನರ ಬಾಯಲ್ಲಿ ‘ನೀರ್‌ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್‌ಸಾಬ್ ಅವರ ಹೆಸರಿನಲ್ಲಿಯೇ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ನಿಂತಿದೆ. ಪಂಚಾಯಿತಿ ಪ್ರತಿನಿಧಿಗಳ ತರಬೇತಿಗೆ ಅದೇ ತಾಯಿಬೇರು. 1995ರಷ್ಟು ಹಿಂದೆಯೇ ಬಾಹ್ಯಾಕಾಶ ಸಂಸ್ಥೆಯ ನೆರವಿನಿಂದ ಉಪಗ್ರಹದ ಮೂಲಕ ಕರ್ನಾಟಕದ ಚುನಾಯಿತ ಮಹಿಳೆಯರಿಗೆ ಪಾಠ ಹೇಳುವ ಪ್ರಯೋಗ ನಡೆಯಿತು. ಪುರಸಭೆ ನಗರಸಭೆಗಳ ಸದಸ್ಯರಿಗಾಗಿ ಮೈಸೂರಿನಲ್ಲಿಯೇ ನಗರಾಭಿವೃದ್ಧಿ ಸಂಸ್ಥೆ ಇದೆ. ಇವುಗಳ ಹಿಂದೆ ಇದ್ದ ಸದ್ಬುದ್ಧಿಯನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಬೀಜ ಒಳ್ಳೆಯದೆಂದ ಮಾತ್ರಕ್ಕೆ ಬೆಳೆ ಬಂದಂತಾಗುವುದಿಲ್ಲ. ತರಬೇತಿ ಎಂಬುದು ಐದು ವರ್ಷಗಳ ಅವಧಿಯಲ್ಲಿ ಕೆಲವೇ ದಿನಗಳಲ್ಲಿ ಮುಗಿಯುವ ವಿಧಿಯಾಗಿಬಿಟ್ಟಿದೆ. ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ಪರದೆಯ ಮೇಲೆ ಉಪನ್ಯಾಸ, ಮಧ್ಯಾಹ್ನ ಊಟ, ಸಂಜೆ ಒಂದು ಚೀಲ ಮತ್ತು ದಪ್ಪನೆಯ ಕೈಪಿಡಿ, ಕೊನೆಗೆ ಹಾಜರಿ ಪುಸ್ತಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು. ಕೈಪಿಡಿಯ ಭಾಷೆ ಸಚಿವಾಲಯದ ಭಾಷೆ. ‘ನಿಬಂಧಿತ ಅನುದಾನ’ ಎಂದು ಅಚ್ಚಾಗಿರುತ್ತದೆ. ‘ಇದು ನೀರಿಗೂ ಚರಂಡಿಗೂ ಬಿಟ್ಟು ಬೇರೆಯದಕ್ಕೆ ಮುಟ್ಟಬಾರದ ರೊಕ್ಕ’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಲಿತವರಿಗೆ ಕಾನೂನಿನ ಕಲಮುಗಳ ಸಂಖ್ಯೆ ಒಂದೆರಡು ದಿನ ನೆನಪಿರುತ್ತದೆ. ಸ್ವಂತ ಪಂಚಾಯಿತಿಯ ಬ್ಯಾಂಕ್ ಪುಸ್ತಕದಲ್ಲಿ ಎಷ್ಟು ಶಿಲ್ಕು ಇದೆಯೆಂಬುದು ಮಾತ್ರ ತಿಳಿದಿರುವುದಿಲ್ಲ. ಕಿರ್ದಿಯನ್ನು ತೋರಿಸದೆ ಲೆಕ್ಕಶಾಸ್ತ್ರ ಬೋಧಿಸುವ ಇಂತಹ ಪದ್ಧತಿಯಿಂದ ಯಾವ ಅಂಗಡಿಯಲ್ಲಿಯೂ ಒಬ್ಬ ಗುಮಾಸ್ತನೂ ತಯಾರಾಗಿಲ್ಲ.

ಈ ಕೊರತೆಯನ್ನು ಎತ್ತಿ ಹೇಳಿದೊಡನೆ ವಿದ್ಯಾವಂತ ವರ್ಗದಿಂದ ಒಂದು ಸಿದ್ಧ ಉತ್ತರ ಬರುತ್ತದೆ: ‘ಓದುಬರಹ ಬಾರದವರನ್ನು ಚುನಾವಣೆಗೆ ನಿಲ್ಲಿಸಬಾರದು, ವಿದ್ಯಾರ್ಹತೆ ಗೊತ್ತುಮಾಡಿದರೆ ಎಲ್ಲವೂ ಸರಿಹೋಗುತ್ತದೆ.’ ಈ ವಾದ ಕೇಳಲು ಚೆನ್ನಾಗಿದೆ. ಹರಿಯಾಣವು 2015ರಲ್ಲಿ ಇಂತಹ ಕಾನೂನು ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ರಾಜಸ್ಥಾನವೂ ಇಂತಹದೇ ನಿಯಮ ತಂದಿತ್ತು. 2019ರಲ್ಲಿ ಅದನ್ನು ಕೈಬಿಟ್ಟಿತು. ಕಾನೂನಿನ ದೃಷ್ಟಿಯಲ್ಲಿ ಸಾಧುವಾದುದೆಲ್ಲವೂ ಧರ್ಮದ ದೃಷ್ಟಿಯಲ್ಲಿ ಸಾಧುವಾಗಬೇಕಿಲ್ಲ. ಕಲಬುರಗಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸಾಕ್ಷರರ ಪ್ರಮಾಣ ಸುಮಾರು ಶೇಕಡಾ 65. ಸ್ತ್ರೀಯರಲ್ಲಿ ಅದು ಸುಮಾರು 55. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಕಚೇರಿಯ ಭಾಷೆ ಉರ್ದು ಆಗಿದ್ದ ಈ ಸೀಮೆಯಲ್ಲಿ ಕನ್ನಡ ಶಾಲೆಗಳು ಎಷ್ಟು ತಡವಾಗಿ ಬಂದವೆಂಬುದನ್ನು ಹಿರಿಯರು ಬಲ್ಲರು. ಶಾಲೆ ಕೊಡದೆ ಇದ್ದುದು ಆಳುವವರ ತಪ್ಪು. ಅದರ ದಂಡವನ್ನು ಮಾತ್ರ ದಲಿತ ಕೇರಿಯ ತಾಯಿ ತೆರಬೇಕೆ? ಬರಬೇಕಾದ ಸಾಲವನ್ನು ವಸೂಲು ಮಾಡಲು ಸಾಲ ಕೊಟ್ಟವನ ಮನೆಗೇ ಜಪ್ತಿ ತಂದಂತಾಯಿತು.

ಅಷ್ಟೇ ಅಲ್ಲ, ಆ ವಾದದ ಬುಡವೇ ಟೊಳ್ಳು. ಹಾಕದ ರಸ್ತೆಗೆ ಬಿಲ್ಲು ಬರೆದವರು ನಿರಕ್ಷರರೇ? ಕೊರೆಯದ ಬಾವಿಯ ಅಳತೆ ಪುಸ್ತಕ ತುಂಬಿದವರು ಹೆಬ್ಬೆಟ್ಟಿನವರೇ? ಸುಳ್ಳು ಲೆಕ್ಕ ಬರೆಯಲು ಮೊದಲು ಲೆಕ್ಕ ಬರಬೇಕು. ಓದು ಬಾರದವರು ಸಹಿಯ ಜಾಗದಲ್ಲಿ ಮೋಸ ಹೋಗಬಹುದು. ಮೋಸದ ಕಾಗದವನ್ನು ಸಿದ್ಧಪಡಿಸುವುದು ಯಾವಾಗಲೂ ಓದಿದ ಕೈ. ಆದ್ದರಿಂದ ಕೊರತೆ ಇರುವುದು ಅಕ್ಷರದಲ್ಲಲ್ಲ, ಆ ಪದವಿಯ ಕರ್ತವ್ಯದ ಅರಿವಿನಲ್ಲಿ. ಅದನ್ನು ಬಾಯಿಮಾತಿನಿಂದಲೂ ಕಲಿಸಬಹುದು. ಸಂತೆಯಲ್ಲಿ ನೂರು ಬಗೆಯ ದರ ನೆನಪಿಟ್ಟು, ಬಡ್ಡಿಯ ಲೆಕ್ಕವನ್ನು ಬೆರಳ ಗೆಣ್ಣಿನಲ್ಲಿ ಹಾಕುವ ರೈತ ಮಹಿಳೆಗೆ ಪಂಚಾಯಿತಿಯ ಜಮಾಖರ್ಚು ಅರ್ಥವಾಗುವುದಿಲ್ಲವೆಂಬುದು ಅಹಂಕಾರದ ಮಾತು.

ಎರಡನೆಯ ಉತ್ತರ ಕಚೇರಿಗಳಿಂದ ಬರುತ್ತದೆ: ‘ಸದಸ್ಯರಿಗೆ ಇದೆಲ್ಲ ಏಕೆ? ನಿಯಮ ಬಲ್ಲ ಅಭಿವೃದ್ಧಿ ಅಧಿಕಾರಿ ಇದ್ದಾರಲ್ಲ?’ ಪಿಡಿಓ ಎಂದು ಜನ ಕರೆಯುವ ಈ ಅಧಿಕಾರಿಗಳಲ್ಲಿ ಪ್ರಾಮಾಣಿಕರೂ ಕಷ್ಟಜೀವಿಗಳೂ ಇದ್ದಾರೆ. ಆದರೆ ಅವರು ವರ್ಗವಾಗಿ ಹೋಗುವವರು; ಒಬ್ಬರೇ ಎರಡು ಪಂಚಾಯಿತಿಗಳ ಹೊಣೆ ಹೊರುವುದೂ ಉಂಟು. ಊರಿನಲ್ಲಿ ಉಳಿಯುವವರು ಸದಸ್ಯರು. ಕಾನೂನು ಅಧಿಕಾರವನ್ನು ಇಟ್ಟಿರುವುದು ಸದಸ್ಯರ ಸಭೆಯಲ್ಲಿ. ಪಾವತಿಗೆ ಅಧ್ಯಕ್ಷರ ಮತ್ತು ಪಿಡಿಓ ಅವರ ಜಂಟಿ ಒಪ್ಪಿಗೆ ಬೇಕೆಂದು ನಿಯಮ ಮಾಡಿದವರು ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಲಿ ಎಂದೇ ಹಾಗೆ ಮಾಡಿದರು. ಒಂದು ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ಆ ನಿಯಮಕ್ಕೆ ಉಳಿಯುವ ಅರ್ಥವೇನು? ವಿಚಾರಿಸಿ ನೋಡಿದರೆ, ಸದಸ್ಯರು ಕಲಿಯುವುದು ಬೇಡವೆನ್ನುವವರೆಲ್ಲ ಅವರ ಅಜ್ಞಾನದಿಂದ ಏನಾದರೊಂದು ಲಾಭ ಪಡೆಯುತ್ತಿರುವವರೇ ಆಗಿರುತ್ತಾರೆ.

ಮೂರನೆಯದು ಉತ್ತರವಲ್ಲ, ರೂಢಿ. ಹೆಂಡತಿ ಅಧ್ಯಕ್ಷೆ, ಗಂಡ ‘ಅಧ್ಯಕ್ಷರು’. ತರಬೇತಿಗೆ ಆಕೆ ಹೋಗುತ್ತಾಳೆ, ಬಾಗಿಲ ಬಳಿ ಆತ ನಿಂತಿರುತ್ತಾನೆ. ಕೆಲವೊಮ್ಮೆ ಒಳಗೆ ಕುಳಿತು ಪ್ರಶ್ನೆ ಕೇಳುವವನೂ ಆತನೇ. ಹಿಂದೆ ಚೆಕ್ಕಿಗೆ ಸಹಿ ಹಾಕುವಾಗಲಾದರೂ ಆಕೆಯ ಕೈ ಬೇಕಾಗಿತ್ತು. ಈಗ ಡಿಜಿಟಲ್ ಸಹಿಯ ಕೀ ಗಂಡನ ಜೇಬಿನಲ್ಲಿಯೋ ಕಚೇರಿಯ ಕಂಪ್ಯೂಟರ್ ಆಪರೇಟರನ ಮೇಜಿನ ಖಾನೆಯಲ್ಲಿಯೋ ಇದ್ದರೆ, ಆಕೆಯ ಕೈಯೂ ಬೇಕಿಲ್ಲವಾಯಿತು. ಕೇಂದ್ರ ಸರ್ಕಾರವು 2023ರಲ್ಲಿ ಈ ಪ್ರತಿನಿಧಿಪತಿಗಳ ಸಮಸ್ಯೆಯನ್ನು ಪರಿಶೀಲಿಸಲು ಸಮಿತಿ ನೇಮಿಸಿತು. 2025ರಲ್ಲಿ ಅದರ ವರದಿ ಹೊರಬಂದಿತು. ದಂಡನೆಯ ಸಲಹೆಗಳು ಬರಲಿ. ಆದರೆ ತನ್ನ ಅಧಿಕಾರವೇನೆಂದು ತಿಳಿದ ಹೆಣ್ಣುಮಗಳಿಗಿಂತ ದೊಡ್ಡ ತಡೆ ಆ ರೂಢಿಗೆ ಇಲ್ಲ. ಗಂಡ ಬಂದು ಕೂತ ಕುರ್ಚಿಯನ್ನು ಬಿಡಿಸುವುದು ಸುತ್ತೋಲೆಯಲ್ಲ. ‘ಈ ಠರಾವು ಯಾವ ಸಭೆಯದು?’ ಎಂದು ಆಕೆಯೇ ಕೇಳುವ ಮೊದಲನೆಯ ಪ್ರಶ್ನೆ.

ಅಧಿಕಾರಕ್ಕೆ ಮೊದಲು ಅಭ್ಯಾಸ ಎಂಬ ವಿಚಾರ ಈ ಮಣ್ಣಿಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಆ ಸಾಮ್ರಾಜ್ಯಕ್ಕೆ ಅಧೀನರಾಗಿದ್ದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿದ್ದ ಸೋಮದೇವಸೂರಿಗಳು ಹತ್ತನೆಯ ಶತಮಾನದಲ್ಲಿ ‘ನೀತಿವಾಕ್ಯಾಮೃತ’ವೆಂಬ ರಾಜನೀತಿಯ ಗ್ರಂಥವನ್ನು ರಚಿಸಿದರು. ಅದರ ಪ್ರಕರಣಗಳ ಕ್ರಮವೇ ಒಂದು ಪಾಠ. ಅರಿಷಡ್ವರ್ಗವನ್ನು ಗೆಲ್ಲುವ ವಿಷಯವೂ ವಿದ್ಯಾವೃದ್ಧರ ಸೇವೆಯ ವಿಷಯವೂ ಮೊದಲು ಬರುತ್ತವೆ. ಮಂತ್ರಿ, ಸೇನಾಪತಿ, ದೂತ ಮೊದಲಾದ ಅಧಿಕಾರಗಳ ಮಾತು ಅನಂತರ. ಸಿಂಹಾಸನಕ್ಕೆ ಹುಟ್ಟಿದವನಿಗೂ ಕಲಿಕೆ ತಪ್ಪಲಿಲ್ಲ. ಮತಪೆಟ್ಟಿಗೆಯಿಂದ ಹುಟ್ಟಿದ ಅಧಿಕಾರಕ್ಕೆ ಮಾತ್ರ ಅದು ಬೇಡವಾಯಿತೇ?

ಇಷ್ಟರವರೆಗೆ ಹೇಳಿದುದನ್ನು ಒಪ್ಪಿ ತಲೆದೂಗುವ ಪೇಟೆಯ ಸಜ್ಜನರಿಗೆ ಇನ್ನು ಮುಂದಿನ ಮಾತು ರುಚಿಸಲಾರದು. ಆದರೂ ಹೇಳಲೇಬೇಕು. ಪಂಚಾಯಿತಿಯ ಸುಳ್ಳು ಬಿಲ್ಲು ಪಂಚಾಯಿತಿಯಲ್ಲಿ ಹುಟ್ಟುವುದಿಲ್ಲ. ಅದು ಅಂಗಡಿಯಲ್ಲಿ ಹುಟ್ಟುತ್ತದೆ. ಇನ್ನೂರು ಚೀಲ ಸಿಮೆಂಟು ಕೊಟ್ಟು ಮುನ್ನೂರಕ್ಕೆ ಬರೆದ ಬಿಲ್ಲು, ಹಳೆಯ ಮೋಟಾರನ್ನು ದುರಸ್ತಿ ಮಾಡಿ ಹೊಸದೆಂದು ಕೊಟ್ಟ ರಸೀದಿ, ಸರಕನ್ನೇ ಕಳಿಸದೆ ಬರಿಯ ಕಾಗದ ಕೊಟ್ಟು ಅದರ ಮೇಲೆ ಶೇಕಡಾ ಇಷ್ಟೆಂದು ಮುರಿದುಕೊಳ್ಳುವ ವ್ಯವಹಾರ, ಇವುಗಳಿಗೆ ಒಬ್ಬ ವ್ಯಾಪಾರಿಯ ಸಹಿ ಮತ್ತು ಮೊಹರು ಬೇಕೇ ಬೇಕು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಅಚೌರ್ಯದ ಅತಿಚಾರಗಳಲ್ಲಿ ಮೊದಲನೆಯದೇ ಸ್ತೇನಪ್ರಯೋಗ, ಅಂದರೆ ಕದಿಯುವವನಿಗೆ ಒತ್ತಾಸೆಯಾಗಿ ನಿಲ್ಲುವುದು. ಸುಳ್ಳು ಕಾಗದ ಬರೆಯುವುದು ಒಂದು. ನಂಬಿ ಇಟ್ಟ ಒತ್ತೆಯನ್ನು ನುಂಗುವುದು ಇನ್ನೊಂದು. ಊರಿನ ತೆರಿಗೆಯ ಹಣ ಊರವರೆಲ್ಲ ಸೇರಿ ಇಟ್ಟ ಒತ್ತೆಯಲ್ಲದೆ ಮತ್ತೇನು? ಪರ್ವದ ದಿನಗಳಲ್ಲಿ ಈ ಸೂತ್ರಗಳ ಪಾರಾಯಣ ಕೇಳಿ ಮನೆಗೆ ಬಂದು, ಸೋಮವಾರ ಬೆಳಿಗ್ಗೆ ಖಾಲಿ ಬಿಲ್ಲಿಗೆ ಮೊಹರು ಒತ್ತುವ ವ್ಯಾಪಾರಿಗೆ ಅಧ್ಯಕ್ಷೆಯ ಅಜ್ಞಾನದ ಬಗ್ಗೆ ನಗುವ ಹಕ್ಕಿಲ್ಲ. ಆಕೆಗೆ ಬಿಲ್ಲು ಓದಲು ಬಾರದು ನಿಜ. ಅವನಿಗೆ ಬಿಲ್ಲು ಓದಲೂ ಬರುತ್ತದೆ, ಸೂತ್ರ ಓದಲೂ ಬರುತ್ತದೆ. ಇಬ್ಬರಲ್ಲಿ ಹೆಚ್ಚಿನ ತಪ್ಪಿತಸ್ಥರು ಯಾರು?

ಕೆಳಗಿನ ಹಂತದ ಮಾತಾಯಿತು. ಮೇಲಿನ ಹಂತವೂ ಇದಕ್ಕೆ ಹೊರತಲ್ಲ. 2023ರ ಜೂನ್ ತಿಂಗಳ ಕೊನೆಯಲ್ಲಿ, ಮೊದಲ ಬಾರಿಗೆ ಆರಿಸಿಬಂದ ಶಾಸಕರಿಗಾಗಿ ವಿಧಾನಸಭೆಯ ಅಧ್ಯಕ್ಷರು ನೆಲಮಂಗಲದ ಸಮೀಪದ ಕ್ಷೇಮವನದಲ್ಲಿ ಮೂರು ದಿನಗಳ ಶಿಬಿರ ಏರ್ಪಡಿಸಿದರು. ಉದ್ದೇಶ ಸ್ತುತ್ಯ. ಆದರೆ ನಾಡಿನಲ್ಲಿ ಚರ್ಚೆಯಾದುದು ಶಿಬಿರಕ್ಕೆ ಯಾರನ್ನು ಉಪನ್ಯಾಸಕ್ಕೆ ಕರೆದರೆಂಬುದು. ರಾಜ್ಯದ ಮುಂಗಡಪತ್ರವನ್ನು ಓದುವುದು ಹೇಗೆ, ಮಸೂದೆಗೆ ತಿದ್ದುಪಡಿ ಸೂಚಿಸುವುದು ಹೇಗೆಂಬುದನ್ನು ಶಾಸಕರು ಎಷ್ಟು ಕಲಿತರೆಂದು ಕೇಳಿದವರು ವಿರಳ. ಲೋಕಾಯುಕ್ತ ಕಾಯಿದೆಯಂತೆ ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡುವುದು ಶಾಸಕರ ಕರ್ತವ್ಯ. ಮೊದಲ ಪಾಠವೇ ಅದಾಗಬೇಕಿತ್ತು.

ಹಿಂದೆ ಶಾಸಕರಾಗುವವರು ತಾಲ್ಲೂಕು ಪಂಚಾಯಿತಿಯಲ್ಲಿಯೋ ಜಿಲ್ಲಾ ಪಂಚಾಯಿತಿಯಲ್ಲಿಯೋ ಕುಳಿತು ಕಲಿತು ಬರುತ್ತಿದ್ದರು. 2016ರಲ್ಲಿ ಆರಿಸಿಬಂದ ಆ ಸಭೆಗಳ ಅವಧಿ 2021ರಲ್ಲಿ ಮುಗಿಯಿತು. ಅನಂತರ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂಬ ನೆಪಗಳಲ್ಲಿ ವರ್ಷಗಳ ಮೇಲೆ ವರ್ಷಗಳು ಕಳೆದವು. ಚುನಾವಣೆ ನಡೆಯದೆ ಅಧಿಕಾರಿಗಳ ಆಡಳಿತವೇ ಮುಂದುವರಿಯಿತು. ಗ್ರಾಮ ಪಂಚಾಯಿತಿಯಲ್ಲಿ ಪ್ರಾಥಮಿಕ ಪಾಠ ಕಲಿತ ಸಾವಿರಾರು ಸದಸ್ಯರಿಗೆ ಮುಂದಿನ ತರಗತಿಯ ಬಾಗಿಲು ಮುಚ್ಚಿತು. ತರಬೇತಿಯ ಬಗ್ಗೆ ಭಾಷಣ ಮಾಡುವವರು ಮೊದಲು ಉತ್ತರ ಕೊಡಬೇಕಾದುದು ಇದಕ್ಕೆ.

ಹಾಗಾದರೆ ಮಾಡಬೇಕಾದುದೇನು? ಬರಿಯ ದೂಷಣೆಯಿಂದ ಪ್ರಯೋಜನವಿಲ್ಲ. ಮುಂದೆ ಯಾವ ಚುನಾವಣೆ ನಡೆದರೂ ಅನುಸರಿಸಬಹುದಾದ ಕೆಲವು ಕ್ರಮಗಳಿವೆ. ಅವು ಖರ್ಚಿನವೂ ಅಲ್ಲ, ಅಸಾಧ್ಯವಾದವೂ ಅಲ್ಲ.

ಒಂದು: ಹೊಸ ಪಂಚಾಯಿತಿಯ ಮೊದಲ ಸಭೆಯಿಂದ 30 ದಿನಗಳೊಳಗೆ ಲೆಕ್ಕಪತ್ರದ ಪಾಠವನ್ನು ಮುಗಿಸಬೇಕು. ಮುಗಿಯದಿದ್ದರೆ ಅದಕ್ಕೆ ಉತ್ತರ ಕೊಡಬೇಕಾದವರು ಇಲಾಖೆಯವರು, ಸದಸ್ಯರಲ್ಲ. ಕಲಿಯಲಿಲ್ಲವೆಂಬ ನೆಪದಿಂದ ಜನರು ಕೊಟ್ಟ ಅಧಿಕಾರವನ್ನು ತಡೆಹಿಡಿಯಲು ಯಾರಿಗೂ ಅವಕಾಶ ಇರಬಾರದು. ಕಲಿಸಲಿಲ್ಲವೆಂಬ ಕಾರಣಕ್ಕೆ ಇಲಾಖೆಯನ್ನು ಹೊಣೆಮಾಡಲು ಅವಕಾಶ ಇರಬೇಕು. ಯಾರು, ಯಾವ ದಿನ, ಏನು ಕಲಿತರೆಂಬ ವಿವರ ಪಂಚಾಯಿತಿಯ ಫಲಕದ ಮೇಲೆ ಇರಲಿ.

ಎರಡು: ಪಾಠ ನಡೆಯಬೇಕಾದುದು ಪಂಚಾಯಿತಿಯ ಕಟ್ಟಡದಲ್ಲಿಯೇ, ಅದೇ ಪಂಚಾಯಿತಿಯ ನಗದು ಪುಸ್ತಕ, ಬ್ಯಾಂಕ್ ಖಾತೆ, ಹಿಂದಿನ ವರ್ಷದ ಲೆಕ್ಕ ತಪಾಸಣೆಯ ವರದಿ ಮುಂದಿಟ್ಟುಕೊಂಡು. ಭಾಷೆ ಅಲ್ಲಿಯದೇ ಆಗಿರಲಿ. ಓದು ಬಾರದವರಿಗೆ ಬಾಯಿಪಾಠವೇ ಸಾಕು. ಮೈಸೂರು ಆಳಂದದಿಂದ ಸುಮಾರು 700 ಕಿಲೋಮೀಟರು ದೂರವಿದೆ. ಅಲ್ಲಿಯ ವಿದ್ವಾಂಸರು ಪಠ್ಯ ಸಿದ್ಧಪಡಿಸಲಿ, ಬೋಧನೆ ಮಾತ್ರ ಊರಿನಲ್ಲಿಯೇ ನಡೆಯಲಿ.

ಮೂರು: ಆರಿಸಿಬಂದವರು ಮಾತ್ರ ಒಳಗೆ ಬರಬೇಕು, ಗಂಡ, ಮೈದುನ, ಮುಖಂಡರು ಹೊರಗೇ ಇರಲಿ. ಕೂಲಿ ಮಾಡಿ ಬದುಕುವ ಸದಸ್ಯರಿಗೆ ಆ ದಿನಗಳ ಕೂಲಿಯನ್ನು ತುಂಬಿಕೊಡಬೇಕು. ಎಳೆಮಕ್ಕಳ ತಾಯಂದಿರಿಗೆ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ ಹಾಜರಿ ಪುಸ್ತಕ ತುಂಬುತ್ತದೆ, ತಲೆ ಖಾಲಿಯಾಗಿಯೇ ಉಳಿಯುತ್ತದೆ.

ನಾಲ್ಕು: ಪಾಠ ಒಮ್ಮೆಗೆ ಮುಗಿಯಬಾರದು. ಮುಂಗಡಪತ್ರಕ್ಕೆ ಮೊದಲು ಒಂದು ದಿನ, ಜಮಾಬಂದಿಗೆ ಮೊದಲು ಒಂದು ದಿನ ಪ್ರತಿ ವರ್ಷವೂ ಇರಲಿ. 30 ತಿಂಗಳಿಗೆ ಅಧ್ಯಕ್ಷರು ಬದಲಾದಾಗ ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳಬೇಕು.

ಐದು: ಬೋಧಕರನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. 1993ರ ಚುನಾವಣೆಯಿಂದ ಇತ್ತೀಚಿನವರೆಗೆ ಒಳ್ಳೆಯ ಕೆಲಸ ಮಾಡಿ ನಿವೃತ್ತರಾದ ಸದಸ್ಯರು, ಮುಖ್ಯವಾಗಿ ಮಹಿಳೆಯರು, ಪ್ರತಿ ಹೋಬಳಿಯಲ್ಲಿ ಸಿಗುತ್ತಾರೆ. ಕಲಿಯುವವರ ಕಷ್ಟವನ್ನು ಅವರಷ್ಟು ಬಲ್ಲವರು ಇನ್ನಿಲ್ಲ. ನೆರೆಯ ಕೇರಳದಲ್ಲಿ 1996ರ ಜನತಾ ಯೋಜನೆಯ ಕಾಲದಿಂದ ಸಹಸ್ರಾರು ಸ್ವಯಂಸೇವಕರನ್ನು, ನಿವೃತ್ತ ನೌಕರರನ್ನು ಈ ಕೆಲಸಕ್ಕೆ ತೊಡಗಿಸಿದ ನಿದರ್ಶನವಿದೆ.

ಇದರಲ್ಲಿ ಪೇಟೆಯವರಿಗೂ ಪಾಲಿದೆ. ಲೆಕ್ಕ ಬಲ್ಲ ವರ್ತಕರು, ನಿವೃತ್ತ ಬ್ಯಾಂಕ್ ನೌಕರರು, ವಾಣಿಜ್ಯ ಕಲಿಸುವ ಅಧ್ಯಾಪಕರು ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಲ್ಲಿ ಸಾಕಷ್ಟು ಇದ್ದಾರೆ. ಅವರಲ್ಲಿ ಒಬ್ಬೊಬ್ಬರು ತಿಂಗಳಿಗೊಂದು ದಿನವನ್ನು ಹತ್ತಿರದ ಒಂದು ಪಂಚಾಯಿತಿಗೆ ದಾನವಾಗಿ ಕೊಟ್ಟು, ಸದಸ್ಯರ ಜೊತೆ ಕುಳಿತು ಜಮಾಖರ್ಚು ಓದಿ ಹೇಳಿದರೆ, ಅದು ಅನ್ನದಾನಕ್ಕೆ ಕಡಿಮೆಯಾದ ಪುಣ್ಯವಲ್ಲ. ಜ್ಞಾನದಾನವೂ ಶಾಸ್ತ್ರ ಹೇಳಿದ ದಾನವೇ. ಒಂದು ನಿಬಂಧನೆ ಮಾತ್ರ ಕಡ್ಡಾಯ: ಪಂಚಾಯಿತಿಗೆ ಸರಕು ಪೂರೈಸುವವರು, ಅದರ ಗುತ್ತಿಗೆ ಹಿಡಿದವರು ಈ ಕೆಲಸಕ್ಕೆ ಬರಬಾರದು. ಅವರು ಮಾಡಬಹುದಾದ ಸೇವೆ ಬೇರೆ: ಕೊಟ್ಟಷ್ಟಕ್ಕೇ ಬಿಲ್ಲು ಬರೆಯುವುದು.

2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರಿನಿಂದ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಎರಡು ತಿಂಗಳ ಬಳಿಕ, ಡಿಸೆಂಬರಿನಲ್ಲಿ, ಅದೇ ಹಳ್ಳಿಗಳಲ್ಲಿ ಪಂಚಾಯಿತಿ ಚುನಾವಣೆ ನಡೆಯಿತು. ಗೆದ್ದು ಬಂದವರ ಮುಂದೆ ಸೂರು ಕಳೆದುಕೊಂಡವರ ಅಹವಾಲು, ಕೆಸರು ತುಂಬಿದ ಚರಂಡಿ, ಕೆಟ್ಟ ಕುಡಿಯುವ ನೀರು ಸಾಲಾಗಿ ನಿಂತವು. ಹೊಳೆ ಮತ್ತೆ ಬರುತ್ತದೆ, ಬರಗಾಲವೂ ಬರುತ್ತದೆ. ಅವು ಸದಸ್ಯರು ಕಲಿಯುವವರೆಗೆ ಕಾಯುವುದಿಲ್ಲ. ಆದ್ದರಿಂದ ಮುಂದಿನ ಬಾರಿ ಗೆದ್ದವರ ಕೊರಳಿಗೆ ಹಾರ ಹಾಕುವ ಪ್ರತಿಯೊಬ್ಬರೂ ಹಾರದ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಲಿ: ‘ಪಂಚಾಯಿತಿಯ ಕಿರ್ದಿಯನ್ನು ನಿಮಗೆ ಓದಿ ತೋರಿಸುವವರು ಯಾರು, ಯಾವ ದಿನ?’ ಇದಕ್ಕೆ ಉತ್ತರ ಬರುವವರೆಗೆ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತು ಕೇಳುತ್ತಿರುವುದು ವಿಚಾರವಂತರಾದ ನಾಗರಿಕರೆಲ್ಲರ ಕರ್ತವ್ಯವಾಗಿದೆ.